ಭಾವನ ಮ್ಯಾಗ್ನಮ್ ರೈಫಲ್, ಮನೆಯಲ್ಲೇ ತುಂಬಿದ ತೋಟೆ: ಮೂರು ಗುಂಡಿನ ಗ್ರೂಪ್ ನಂಬಬಹುದಾ?

ಬೈಕಂಪಾಡಿ_ಕ್ಯೂಸಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವನು, ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ. ಕೋವಿ ಬಗ್ಗೆ ಗೊತ್ತಿರುವುದು ಕಡಿಮೆ. ಅಳತೆ ಬಗ್ಗೆ ಸ್ವಲ್ಪ ಗೊತ್ತು. ಅದಕ್ಕೇ ಈ ಪ್ರಶ್ನೆ.

ಅಕ್ಕನ ಗಂಡ ಅಮೆರಿಕದ ಕೊಲರಾಡೊದಲ್ಲಿದ್ದಾರೆ. ಅಲ್ಲಿ ಲೈಸನ್ಸ್ ತೆಗೆದುಕೊಂಡು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುತ್ತಾರೆ, ಅಲ್ಲಿ ಅದು ಕಾನೂನುಬದ್ಧ. ರೈಫಲ್ .300 ವಿಂಚೆಸ್ಟರ್ ಮ್ಯಾಗ್ನಮ್. ಅಂಗಡಿಯ ತೋಟೆ ದುಬಾರಿ ಅಂತ ಈಗ ಮನೆಯಲ್ಲೇ ತುಂಬಿಸುತ್ತಾರೆ. ಹೊಡೆದು ಖಾಲಿಯಾದ ತೋಟೆಯ ಹಿತ್ತಾಳೆ ಕೇಸನ್ನು ಡೈಗೆ (ಉಕ್ಕಿನ ಅಚ್ಚಿಗೆ) ಹಾಕಿ ಮತ್ತೆ ಅಳತೆಗೆ ತರುವುದು, ಮದ್ದಿಗೆ ಕಿಡಿ ಹಚ್ಚುವ ಹೊಸ ಕೇಪು ಕೂರಿಸುವುದು, ಮದ್ದು ತೂಗಿ ಹಾಕುವುದು, ಮೇಲೆ 180 ಗ್ರೇನಿನ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ) ಗುಂಡು ಒತ್ತುವುದು. ಇಷ್ಟು ಕೆಲಸ. ಮದ್ದನ್ನು ಮ್ಯಾನುವಲ್‌ನಲ್ಲಿ ಕೊಟ್ಟ ಕನಿಷ್ಠದಿಂದ ಶುರು ಮಾಡಿ ಅರ್ಧರ್ಧ ಗ್ರೇನ್ ಏರಿಸುತ್ತಾ, ಒಂದೊಂದು ಹಂತಕ್ಕೆ ಮೂರು ಗುಂಡು ಹೊಡೆದು, ಯಾವುದು ಚೆನ್ನಾಗಿ ಒಟ್ಟಿಗೆ ಬೀಳುತ್ತದೆ ಅಂತ ನೋಡುತ್ತಾರೆ. ಆಮೇಲೆ ಟಾರ್ಗೆಟ್ ಫೋಟೋ ಮತ್ತು ವೇಗದ ಪಟ್ಟಿ ನನಗೆ ವಾಟ್ಸಾಪಿನಲ್ಲಿ ಬರುತ್ತದೆ, ಎಕ್ಸೆಲ್ ಕೆಲಸ ನನ್ನದು.

100 ಗಜದಲ್ಲಿ ಐದು ಹಂತಕ್ಕೆ ಬಂದ ಗ್ರೂಪ್ (ಅತಿ ದೂರ ಬಿದ್ದ ಎರಡು ಗುಂಡುಗಳ ನಡುವಿನ ಅಂತರ) ಹೀಗಿವೆ: 1.4, 0.8, 1.6, 0.6, 1.1 ಇಂಚು. ಮದ್ದಿನ ತೂಕ ಇಲ್ಲಿ ಬರೆಯುವುದಿಲ್ಲ. ಒಂದು ರೈಫಲ್‌ಗೆ ಸರಿಯಾದದ್ದು ಇನ್ನೊಂದಕ್ಕೆ ಅಪಾಯ ಆಗಬಹುದು ಅಂತ ಭಾವನೇ ಹೇಳಿದ್ದಾರೆ.

ಭಾವನ ತೀರ್ಮಾನ: ನಾಲ್ಕನೇ ಹಂತವೇ ಈ ರೈಫಲ್‌ಗೆ ಹೇಳಿ ಮಾಡಿಸಿದ್ದು. ಅದಕ್ಕೆ ಇನ್ನೊಂದು ಸಾಕ್ಷಿಯನ್ನೂ ಕೊಡುತ್ತಾರೆ. ಮೂರರಿಂದ ನಾಲ್ಕಕ್ಕೆ ಹೋಗುವಾಗ ವೇಗ ಹೆಚ್ಚುಕಡಿಮೆ ಏರಲೇ ಇಲ್ಲ, ಅಲ್ಲೊಂದು ಸಮತಟ್ಟು ಜಾಗ ಉಂಟು, ಅಂಥ ಕಡೆ ಮದ್ದು ಚೂರು ಆಚೀಚೆ ಆದರೂ ಗುಂಡು ಒಂದೇ ಕಡೆ ಬೀಳುತ್ತದಂತೆ. ನಾನು ಕಾರ್ಖಾನೆಯಲ್ಲಿ ಮೂರು ಪೀಸ್ ಅಳೆದು ಲಾಟ್ ಪಾಸ್ ಮಾಡಿದರೆ ಮ್ಯಾನೇಜರ್ ನನ್ನನ್ನು ಅಲ್ಲಿಂದಲೇ ಮನೆಗೆ ಕಳಿಸುತ್ತಾರೆ. ಆದರೆ ಭಾವನಿಗೆ ಇದನ್ನು ಹೇಳಿದರೆ "ನೀನು ಕೋವಿ ಮುಟ್ಟಿದ್ದೀಯಾ?" ಅಂತ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಾರೆ. ಗೊತ್ತಿದ್ದವರು ಹೇಳಿ, ನನ್ನ ಅನುಮಾನ ಸರಿಯಾ?

ಇನ್ನೊಂದು. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಅವರ ಹಳೇ ಪ್ರೆಸ್ಸು, ಡೈ, ಒಂದಿಷ್ಟು ಖಾಲಿ ಕೇಸು ತಂದು ನಮ್ಮ ಮನೆಯಲ್ಲಿ ಇಡುತ್ತೇನೆ, ನಿನಗೆ ಮಾಡಿ ತೋರಿಸುತ್ತೇನೆ ಅಂದಿದ್ದಾರೆ. ಬರೀ ಕಬ್ಬಿಣದ ಸಾಮಾನು ಅಲ್ವಾ, ತೊಂದರೆ ಇಲ್ಲ ತಾನೇ?

ಮಣಿಪಾಲ_ಮೇಷ್ಟ್ರು

ನಿಮ್ಮ ಅನುಮಾನ ಸರಿ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು, ಲೆಕ್ಕದ ಕಡೆಯಿಂದ ಮಾತ್ರ ಹೇಳುತ್ತೇನೆ.

ನಿಮ್ಮ ಐದು ಅಂಕಿಗಳ ಸರಾಸರಿ 1.1 ಇಂಚು. ಈಗ ಮದ್ದಿನ ತೂಕದಿಂದ ಏನೂ ವ್ಯತ್ಯಾಸವೇ ಇಲ್ಲ, ಐದೂ ಹಂತ ಒಂದೇ ಅಂತ ಇಟ್ಟುಕೊಳ್ಳಿ. ಆಗಲೂ ಮೂರು ಗುಂಡಿನ ಗ್ರೂಪ್ ತನ್ನಷ್ಟಕ್ಕೇ ಹಿಗ್ಗಿ ಕುಗ್ಗುತ್ತದೆ. ಗುಂಡುಗಳು ಅಡ್ಡಕ್ಕೂ ಉದ್ದಕ್ಕೂ ಒಂದೇ ರೀತಿ ಚದುರುತ್ತವೆ ಅಂತ ಹಿಡಿದರೆ ಮೂರು ಗುಂಡಿನ ಗ್ರೂಪಿನ ಏರುಪೇರು ಸರಾಸರಿಯ ಸುಮಾರು 37 ಶೇಕಡಾ ಬರುತ್ತದೆ. ಅಂದರೆ 1.1ಕ್ಕೆ 0.4 ಆಚೆ ಈಚೆ. ಅಂಥ ಐದು ಗ್ರೂಪ್ ಹೊಡೆದರೆ ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ನಡುವೆ ಒಂದು ಇಂಚಿನ ಹತ್ತಿರ ಅಂತರ ಬರುವುದು ಮಾಮೂಲಿ. ನಿಮ್ಮಲ್ಲಿ ಬಂದದ್ದೂ ಸರಿಯಾಗಿ 1.0. ಅಂದರೆ ಈ ಟಾರ್ಗೆಟ್‌ಗಳು ಮದ್ದಿನ ಬಗ್ಗೆ ಏನೂ ಹೇಳುತ್ತಿಲ್ಲ. ಭಾವ ಎಲ್ಲಾ ತೋಟೆಗೂ ಒಂದೇ ತೂಕ ಹಾಕಿ ಮೇಲೆ ಬೇರೆ ಬೇರೆ ನಂಬರ್ ಬರೆದಿದ್ದರೂ ಇಂಥದ್ದೇ ಪಟ್ಟಿ ಬರುತ್ತಿತ್ತು.

ಅದೇ ಲೆಕ್ಕದಲ್ಲಿ ಹತ್ತು ಗುಂಡಿನ ಗ್ರೂಪ್ ಮೂರು ಗುಂಡಿನದ್ದಕ್ಕಿಂತ ಸರಾಸರಿ 1.6 ಪಟ್ಟು ದೊಡ್ಡದು. ಆ 0.6 ಇಂಚಿನ ಹಂತವನ್ನೇ ಹತ್ತು ಗುಂಡು ಹೊಡೆದು ನೋಡಲಿ. ಒಂದು ಮುಕ್ಕಾಲು ಇಂಚಿನ ಹತ್ತಿರ ಬಂದರೆ ಅವರು ಬೇಜಾರು ಮಾಡಿಕೊಳ್ಳುವ ಅಗತ್ಯ ಇಲ್ಲ, ರೈಫಲ್ ಕೆಟ್ಟಿಲ್ಲ, ಅದು ಇದ್ದದ್ದೇ ಹಾಗೆ.

ವೇಗದ ಸಮತಟ್ಟು ಜಾಗದ ಕಥೆಯೂ ಅಷ್ಟೇ. ಅರ್ಧ ಗ್ರೇನಿಗೆ ವೇಗ ಸೆಕೆಂಡಿಗೆ ಸುಮಾರು 20 ಅಡಿ ಏರಬೇಕು ಅಂತ ಇಟ್ಟುಕೊಳ್ಳಿ. ಒಂದೊಂದು ಗುಂಡಿನ ವೇಗ 12 ಅಡಿ ಆಚೀಚೆ ಆಗುತ್ತಿದ್ದರೆ ಮೂರು ಗುಂಡಿನ ಸರಾಸರಿಯಲ್ಲೇ 7 ಅಡಿ ತಪ್ಪು ಉಂಟು, ಎರಡು ಸರಾಸರಿಗಳ ವ್ಯತ್ಯಾಸದಲ್ಲಿ 10 ಅಡಿ. 20 ಏರಬೇಕಾದ ಕಡೆ 5 ಏರಿದಂತೆ ಕಾಣುವುದು ದೊಡ್ಡ ವಿಷಯವೇ ಅಲ್ಲ. ಇನ್ನೊಂದು ದಿನ ಹೊಡೆದರೆ ಸಮತಟ್ಟು ಜಾಗ ಬೇರೆ ಕಡೆ ಕಾಣುತ್ತದೆ.

ವೇಗ ಅಳೆಯುವ ಕ್ರೋನೋಗ್ರಾಫ್ ತೋರಿಸುವ ಎಸ್‌ಡಿ (ವೇಗದ ಏರುಪೇರಿನ ಅಳತೆ) ಬಗ್ಗೆ ಒಂದು ಮಾತು. ಐದು ಗುಂಡಿಗೆ 8 ಬಂತು ಅಂದರೆ ನಿಜವಾದದ್ದು 5ರಿಂದ 23ರ ಒಳಗೆ ಎಲ್ಲಿ ಬೇಕಾದರೂ ಇರಬಹುದು, ಅದು 95 ಶೇಕಡಾ ಭರವಸೆಯ ಮಿತಿ. ಮೂರು ಗುಂಡಿನ ಎಸ್‌ಡಿ ಬರೆದಿಡುವುದೇ ದಂಡ. ಇಪ್ಪತ್ತು ಗುಂಡಾದರೆ ಸ್ವಲ್ಪ ನಂಬಬಹುದು.

ಕುಂದಾಪ್ರದ_ಮಾಜಿ_ಆರ್ಮರರ್

ಮೇಷ್ಟ್ರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಎಲ್ಲವೂ ಅದೃಷ್ಟದ ಆಟ ಅನ್ನುವ ಹಾಗೆ ಬರೆದದ್ದು ಸರಿ ಕಾಣಲಿಲ್ಲ. ಗುಂಡು ಬದಲಿಸಿ ನೋಡಿ, ಮದ್ದಿನ ಜಾತಿ ಬದಲಿಸಿ ನೋಡಿ, ಕೆಲವು ರೈಫಲ್‌ಗಳಲ್ಲಿ ಗ್ರೂಪ್ ಅರ್ಧಕ್ಕರ್ಧ ಇಳಿಯುತ್ತದೆ. ಅರ್ಧ ಗ್ರೇನ್ ಮದ್ದಿಗೆ ಅಷ್ಟು ಬದಲಾವಣೆ ಬರುವುದಿಲ್ಲ, ಅದು ಒಪ್ಪಿದೆ.

ನನಗೆ ಚಿಂತೆ ಬೇರೆ. ಭಾವ ಗ್ರೂಪ್ ಬಗ್ಗೆ ಇಷ್ಟು ಬರೆದಿದ್ದಾರೆ, ಕೇಸಿನ ಬಗ್ಗೆ ಒಂದು ಗೆರೆ ಇಲ್ಲ. ಮ್ಯಾಗ್ನಮ್ ತೋಟೆಯಲ್ಲಿ ಮೊದಲು ನೋಡಬೇಕಾದ್ದು ಅದು.

ಆ ಕೇಸಿನ ಬುಡದಲ್ಲಿ ಒಂದು ಪಟ್ಟಿ ಇರುತ್ತದೆ, ಬೆಲ್ಟ್ ಅನ್ನುತ್ತಾರೆ. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್‌ನಿಂದ ಬಂದ ಬಳುವಳಿ. ಆ ಹಳೇ ಕೇಸಿಗೆ ಭುಜ (ಮೈ ಸಣ್ಣದಾಗಿ ಕುತ್ತಿಗೆಗೆ ಸೇರುವ ಭಾಗ) ತೀರಾ ಇಳಿಜಾರು, ಚೇಂಬರಿನಲ್ಲಿ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ನಿಲ್ಲಲು ಆಧಾರ ಬೇಕು, ಅದಕ್ಕೆ ಬೆಲ್ಟ್. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ ಒಳ್ಳೆಯ ಭುಜವೇ ಉಂಟು, ಆದರೂ ಬೆಲ್ಟ್ ಉಳಿಯಿತು. ತೊಂದರೆ ಶುರುವಾಗುವುದು ಇಲ್ಲಿ. ಕಾರ್ಖಾನೆಯವರು ಬೆಲ್ಟಿನ ಅಳತೆ ಸರಿಯಾಗಿ ಹಿಡಿದು, ಚೇಂಬರಿನ ಭುಜದ ಕಡೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಮೊದಲ ಸಲ ಹೊಡೆದಾಗ ಹಿತ್ತಾಳೆ ಮುಂದಕ್ಕೆ ಹಿಗ್ಗಿ ಆ ಜಾಗ ತುಂಬುತ್ತದೆ. ಹಿಗ್ಗುವುದಕ್ಕೆ ಲೋಹ ಬರುವುದು ಬೆಲ್ಟಿನ ಸ್ವಲ್ಪ ಮೇಲಿನ ಗೋಡೆಯಿಂದ, ಅಲ್ಲಿ ತೆಳ್ಳಗಾಗುತ್ತದೆ. ಈಗ ಇವರು ಡೈಯನ್ನು ಶೆಲ್‌ಹೋಲ್ಡರಿಗೆ (ಪ್ರೆಸ್ಸಿನಲ್ಲಿ ಕೇಸಿನ ಬುಡ ಹಿಡಿಯುವ ತುಂಡು) ತಾಗುವವರೆಗೆ ತಿರುಗಿಸಿ ಕೇಸಿನ ಭುಜವನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಮತ್ತೆ ಹಿಗ್ಗುತ್ತದೆ, ಮತ್ತೆ ತೆಳ್ಳಗಾಗುತ್ತದೆ. ಕೆಲವೇ ಸಲಕ್ಕೆ ಕೇಸು ಅಲ್ಲೇ ಸುತ್ತ ಕತ್ತರಿಸಿ, ಬುಡ ಒಂದು ಕಡೆ, ಮೈ ಚೇಂಬರಿನ ಒಳಗೆ. ಇದರ ಒತ್ತಡದ ಮಿತಿ ಚದರ ಇಂಚಿಗೆ 64,000 ಪೌಂಡ್. ಆ ಬಿಸಿ ಗಾಳಿ ಹಿಂದಕ್ಕೆ ಬಂದರೆ ಮುಖ ಇರುವುದು ಅಲ್ಲೇ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಹಿಂದೆ.

ಹಾಗಾಗಿ ಬೆಲ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಹೊಡೆದ ಕೇಸಿನ ಭುಜ ಅಳೆದು, ಅದರಿಂದ ಇಂಚಿನ ಸಾವಿರದ ಎರಡು ಭಾಗ, ಅಂದರೆ 0.05 ಮಿಲಿಮೀಟರ್ ಮಾತ್ರ ಹಿಂದೆ ಹೋಗುವ ಹಾಗೆ ಡೈ ಹೊಂದಿಸಬೇಕು. ಅದಕ್ಕೆ ವರ್ನಿಯರ್ ಬಾಯಿಗೆ ಹಾಕುವ ಗೇಜ್ ಸಿಗುತ್ತದೆ. ಬೈಕಂಪಾಡಿಯವರೇ, ಈ ಭಾಷೆ ನಿಮಗೆ ಚೆನ್ನಾಗಿ ಅರ್ಥ ಆಗುತ್ತದೆ, ಭಾವನಿಗೆ ನೀವೇ ವಿವರಿಸಿ.

ಪರೀಕ್ಷೆಗೆ ಒಂದು ಪೇಪರ್ ಕ್ಲಿಪ್ ಸಾಕು. ನೇರ ಮಾಡಿ, ತುದಿಯನ್ನು ಚೂಪು ಮಾಡಿ ಪುಟ್ಟದಾಗಿ ಕೊಕ್ಕೆಯಂತೆ ಬಗ್ಗಿಸಿ, ಖಾಲಿ ಕೇಸಿನ ಬಾಯಿಯಿಂದ ಇಳಿಸಿ, ಬುಡದಿಂದ ಮೇಲಕ್ಕೆ ಒಳಗೋಡೆಗೆ ಒತ್ತಿ ಎಳೆಯಬೇಕು. ಬೆಲ್ಟಿನ ಮೇಲೆ ಸುತ್ತ ಒಂದು ತಗ್ಗು ಸಿಕ್ಕಿ ತುದಿ ಟಕ್ ಅಂತ ಹಿಡಿದುಕೊಂಡರೆ ಆ ಕೇಸು ಗುಜರಿಗೆ. ಹೊರಗಡೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ ಕಂಡರೂ ಗುಜರಿಗೆ. ಒಂದೇ ಕೇಸಿನಲ್ಲಿ ಕಂಡರೂ ಆ ಡಬ್ಬಿಯ ಎಲ್ಲವನ್ನೂ ನೋಡಬೇಕು.

ಮದ್ದು ಜಾಸ್ತಿ ಆದದ್ದು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದರೆ, ಬೋಲ್ಟ್ ಎತ್ತಲು ಗಟ್ಟಿಯಾಗುವುದು, ಕೇಸಿನ ಬುಡದಲ್ಲಿ ಎಜೆಕ್ಟರಿನ (ಖಾಲಿ ಕೇಸನ್ನು ಹೊರಗೆ ಎಸೆಯುವ ಭಾಗ) ಹೊಳಪು ಗುರುತು, ಕೇಪು ಚಪ್ಪಟೆಯಾಗಿ ಅಂಚು ಹರಡುವುದು. ಆದರೆ ಇವೆಲ್ಲ ಕಾಣುವ ಹೊತ್ತಿಗೆ ಸುಮಾರಾಗಿ ಮಿತಿ ದಾಟಿಯೇ ಆಗಿರುತ್ತದೆ. ಮ್ಯಾನುವಲ್‌ನ ಗರಿಷ್ಠಕ್ಕೆ ಕೊಟ್ಟ ವೇಗ ಇವರಿಗೆ ಅದಕ್ಕಿಂತ ಕಡಿಮೆ ಮದ್ದಿನಲ್ಲೇ ಬಂದರೆ ಅಲ್ಲೇ ನಿಲ್ಲಿಸಬೇಕು. ಪುಕ್ಕಟೆ ವೇಗ ಅಂತ ಯಾವುದೂ ಇಲ್ಲ.

ಹೆಬ್ರಿ_ತೋಟ

ಮಾರಾಯ್ರೆ, ಇಷ್ಟೆಲ್ಲ ಓದಿದ ಮೇಲೆ ನಮ್ಮ ಕೇಪಿನ ಕೋವಿಯೇ ವಾಸಿ ಅನ್ನಿಸಿತು. ಮದ್ದು ಹಾಕು, ಗಿದಿ, ಚರೆ ಹಾಕು, ಕೇಪು ಇಡು, ಮುಗಿಯಿತು. ನಮಗೆ ಬೆಳೆ ರಕ್ಷಣೆಗೆ ಲೈಸನ್ಸ್ ಉಂಟು, ಅದನ್ನೂ ಚುನಾವಣೆ ಬಂದ ಕೂಡಲೇ ಠಾಣೆಯಲ್ಲಿ ಇಟ್ಟು ಬರಬೇಕು ಅನ್ನುತ್ತಾರೆ. ಮಂಗಕ್ಕೂ ಹಂದಿಗೂ ಚುನಾವಣೆ ಗೊತ್ತಿಲ್ಲ. ಕೋವಿ ಮನೆಯಲ್ಲಿಲ್ಲ ಅಂತ ಅವಕ್ಕೆ ಯಾರು ಹೇಳುತ್ತಾರೋ, ಸರಿಯಾಗಿ ಆಗಲೇ ತೋಟಕ್ಕೆ ಇಳಿಯುತ್ತವೆ.

ಒಂದು ಸಂಶಯ. ಐದು ಗ್ರಾಮಿನ ಹತ್ತಿರ ಮದ್ದು ಉರಿಸಿ ಮುನ್ನೂರು ಗಜ ದೂರ ಹೊಡೆಯುವ ಬೇಟೆಗೆ ಅರ್ಧ ಇಂಚು, ಒಂದು ಇಂಚು ಅಂತ ಇಷ್ಟು ತಲೆಬಿಸಿ ಯಾಕೆ? ಆ ಎಲ್ಕ್ ನಮ್ಮ ಕಡವೆಗಿಂತ ದೊಡ್ಡದಲ್ವಾ?

ಮಣಿಪಾಲ_ಮೇಷ್ಟ್ರು

ಹೆಬ್ರಿಯವರು ಸರಿಯಾದ ಪ್ರಶ್ನೆ ಕೇಳಿದರು. ನಾನು ಮೊದಲೇ ಹೇಳಬೇಕಾಗಿತ್ತು.

ಹತ್ತು ಗುಂಡಿನ ಗ್ರೂಪ್ 100 ಗಜದಲ್ಲಿ 1.75 ಇಂಚು ಅಂದರೆ 300 ಗಜದಲ್ಲಿ ಐದು ಕಾಲು ಇಂಚು, ಸುಮಾರು 13 ಸೆಂಟಿಮೀಟರ್. ಅದೂ ಅಡ್ಡಗಲ. ನಡುವಿನಿಂದ ಲೆಕ್ಕ ಹಾಕಿದರೆ ಆರೂವರೆ. ಎಲ್ಕ್‌ನ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಅದಕ್ಕಿಂತ ಎಷ್ಟೋ ದೊಡ್ಡದು. ಅಂದರೆ ಐದು ಹಂತದಲ್ಲಿ ಯಾವುದು ಆರಿಸಿದರೂ ಬೇಟೆಗೆ ಸಾಕು.

ವೇಗದ ಏರುಪೇರಿನ ಚಿಂತೆಯೂ ಹಾಗೇ. ಸೆಕೆಂಡಿಗೆ 2,950 ಅಡಿಯಲ್ಲಿ ಹೊರಟ 180 ಗ್ರೇನಿನ ಗುಂಡು 300 ಗಜ ಮುಟ್ಟಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ನಳಿಗೆಯ ಗೆರೆಯಿಂದ ಹೆಚ್ಚುಕಡಿಮೆ 21 ಇಂಚು ಕೆಳಗೆ ಬರುತ್ತದೆ. ವೇಗ 20 ಅಡಿ ಕಡಿಮೆ ಆದರೆ ಇನ್ನೂ 7–8 ಮಿಲಿಮೀಟರ್ ಕೆಳಗೆ. ಅಷ್ಟೇ. ಸಾವಿರ ಗಜದ ಸ್ಪರ್ಧೆಗೆ ಹೋಗುವವರು ಇದಕ್ಕೆ ನಿದ್ದೆ ಬಿಡಲಿ, ಬೇಟೆಯವರು ಬೇಡ.

ಆರ್ಮರರ್ ಸರ್ ಹೇಳಿದ್ದನ್ನೂ ಒಪ್ಪುತ್ತೇನೆ. ಗುಂಡು ಬದಲಿಸಿದಾಗ ಬರುವಂಥ ದೊಡ್ಡ ವ್ಯತ್ಯಾಸ ಕಡಿಮೆ ಗುಂಡಿನಲ್ಲೂ ಕಾಣುತ್ತದೆ. ಮೂರು ಗುಂಡು ಮೂರು ಇಂಚು ಚದುರಿದರೆ ಆ ಹಂತವನ್ನು ಅಲ್ಲೇ ಬಿಡಬಹುದು, ನಾಲ್ಕನೆಯದು ಹೊಡೆದು ಅದನ್ನು ಸರಿ ಮಾಡಲು ಆಗುವುದಿಲ್ಲ. ಮೂರು ಗುಂಡು ಅರ್ಧ ಇಂಚಿಗೆ ಬಿದ್ದರೆ ಮಾತ್ರ ಇನ್ನೂ ಏನೂ ಗೊತ್ತಾಗಿಲ್ಲ ಅಂತ ಅರ್ಥ.

ಕುಂದಾಪ್ರದ_ಮಾಜಿ_ಆರ್ಮರರ್

ಈಗ ಸರಿ ಹೇಳಿದಿರಿ ಮೇಷ್ಟ್ರೇ.

ಹತ್ತು ಗುಂಡು ಒಂದೇ ಸಮ ಹೊಡೆಯಬೇಡಿ ಅಂತ ಮಾತ್ರ ಭಾವನಿಗೆ ಹೇಳಿ. ಬೇಟೆ ರೈಫಲಿನ ನಳಿಗೆ ತೆಳ್ಳಗೆ, ಮ್ಯಾಗ್ನಮ್ ಮದ್ದಿಗೆ ಬೇಗ ಬಿಸಿ ಏರುತ್ತದೆ. ಬಿಸಿ ನಳಿಗೆ ಕೆಲವು ಸಲ ಒಂದು ಕಡೆಗೆ ಎಳೆಯುತ್ತದೆ, ಬೇಗ ಸವೆಯುವುದು ಇನ್ನೊಂದು. ಎರಡು ಮೂರು ಹೊಡೆದು, ಬೋಲ್ಟ್ ತೆಗೆದಿಟ್ಟು, ನಳಿಗೆ ಕೈಯಲ್ಲಿ ಮುಟ್ಟುವಷ್ಟು ತಣ್ಣಗಾದ ಮೇಲೆ ಮತ್ತೆ. ಒಂದೇ ಟಾರ್ಗೆಟಿಗೆ ಬೇರೆ ಬೇರೆ ದಿನ ಹೊಡೆದರೂ ಆಯಿತು. ಬೇರೆ ದಿನದ ಮೊದಲ ಗುಂಡು ಎಲ್ಲಿ ಬೀಳುತ್ತದೆ ಅನ್ನುವುದನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿಡಲಿ. ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆ ನಳಿಗೆಯ ಆ ಮೊದಲ ಗುಂಡೇ.

ಹವೆಯನ್ನೂ ಬರೆದಿಡಲಿ. ಬಿಸಿಲಿಗೆ ಮದ್ದಿನ ಒತ್ತಡ ಏರುತ್ತದೆ, ಕೆಲವು ಮದ್ದಿಗೆ ಜಾಸ್ತಿ, ಕೆಲವಕ್ಕೆ ಕಡಿಮೆ. ಹಿಮದಲ್ಲಿ ಗರಿಷ್ಠದ ಹತ್ತಿರ ತಂದು ನಿಲ್ಲಿಸಿದ ತೋಟೆಯನ್ನು ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಹೊಡೆದರೆ ಬೋಲ್ಟ್ ಎತ್ತಲು ಮರದ ಸುತ್ತಿಗೆ ಬೇಕಾಗಬಹುದು. ಇನ್ನು ಗುಂಡು ಒತ್ತುವ ಆಳ. ಈ ಕೇಸಿನ ಕುತ್ತಿಗೆ ಗಿಡ್ಡ, 6.7 ಮಿಲಿಮೀಟರ್, ಗುಂಡಿನ ದಪ್ಪ 7.8. ಗುಂಡನ್ನು ತೀರಾ ಹೊರಗೆ ಬಿಟ್ಟರೆ ಹಿಡಿತ ಸಾಲುವುದಿಲ್ಲ, ಮ್ಯಾಗಜೀನಿಗೂ ಹೋಗುವುದಿಲ್ಲ. ನಳಿಗೆಯಲ್ಲಿ ಗುಂಡನ್ನು ತಿರುಗಿಸುವ ಒಳಗೆರೆಗೆ ತಾಗಿಸಿ ಕೂರಿಸಿದರೆ ಒತ್ತಡ ಹಾರುತ್ತದೆ. ಮ್ಯಾನುವಲ್ ಕೊಟ್ಟ ಉದ್ದದಲ್ಲಿ ಶುರು ಮಾಡಲಿ.

ಕದ್ರಿ_ವಕೀಲ

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಿಜವಾದ ಅಪಾಯ ಇರುವುದು ಅಲ್ಲಿ.

ಬರೀ ಕಬ್ಬಿಣದ ಸಾಮಾನು ಅಲ್ಲ ಅದು. 1959ರ ಆಯುಧ ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡು ಅಂದರೆ ಏನು ಅಂತ ಬರೆದಿದ್ದಾರಲ್ಲ, ಅದರೊಳಗೆ ಮದ್ದುಗುಂಡಿನ ಬಿಡಿಭಾಗಗಳೂ ಬರುತ್ತವೆ, ಅದನ್ನು ತಯಾರಿಸುವ ಯಂತ್ರವೂ ಬರುತ್ತದೆ. ಅಂದರೆ ಕಾನೂನಿನ ಕಣ್ಣಿಗೆ ಆ ಪ್ರೆಸ್ಸೂ ಡೈಯೂ ತೋಟೆಯ ಜೊತೆಗೇ ಲೆಕ್ಕ. ಹೊರದೇಶದಿಂದ ತರಲು ಲೈಸನ್ಸ್ ಬೇಕು. ಲೈಸನ್ಸ್ ಇಲ್ಲದೆ ಇಲ್ಲಿ ತೋಟೆ ತುಂಬಿಸಿದರೆ ಅದು 5ನೇ ಕಲಮಿನ ತಯಾರಿಕೆ ಆಗುತ್ತದೆ, ಒಂದು ತುಂಬಿಸಿದರೂ ಅಷ್ಟೇ, ತೋರಿಸಲಿಕ್ಕೆ ಮಾಡಿದೆ ಅಂದರೂ ಅಷ್ಟೇ. 2019ರ ತಿದ್ದುಪಡಿಯ ನಂತರ ಅದಕ್ಕೆ ಶಿಕ್ಷೆ ಕಡಿಮೆ ಅಂದರೆ ಏಳು ವರ್ಷ, ಜೀವಾವಧಿವರೆಗೆ ಹೋಗಬಹುದು. ನಿಮ್ಮ ಮನೆಯಲ್ಲಿ ಇಟ್ಟುಹೋದರೆ ಪೊಲೀಸರು ಮೊದಲು ಕೇಳುವುದು ನಿಮ್ಮನ್ನು, ಕೊಲರಾಡೊದ ಭಾವನನ್ನಲ್ಲ.

ಬೆಳೆ ರಕ್ಷಣೆಯ ಲೈಸನ್ಸ್ ಇದ್ದವರಿಗೂ ಮನೆಯಲ್ಲಿ ಕಾರ್ಟ್ರಿಡ್ಜ್ ತುಂಬಿಸುವ ಹಕ್ಕು ಬರುವುದಿಲ್ಲ. ಲೈಸನ್ಸಿನಲ್ಲಿ ಎಷ್ಟು ಬರೆದಿದೆಯೋ ಅಷ್ಟು, ಲೈಸನ್ಸ್ ಇರುವ ಅಂಗಡಿಯಿಂದ ತೆಗೆದುಕೊಳ್ಳಬೇಕು. ಶಿಕಾರಿ ಅಂತೂ ಕೇಳಲೇ ಬೇಡಿ. 1972ರ ವನ್ಯಜೀವಿ ಕಾಯ್ದೆ ಉಂಟು, ಕೈಯಲ್ಲಿ ಕೋವಿಯ ಲೈಸನ್ಸ್ ಇದೆ ಅಂತ ಕಾಡುಪ್ರಾಣಿಗೆ ಹೊಡೆಯುವ ಹಾಗಿಲ್ಲ.

ಖಾಲಿ ಕೇಸನ್ನೂ ಬ್ಯಾಗಿಗೆ ಹಾಕಬೇಡಿ ಅನ್ನಿ. ಕೀಚೈನ್ ಮಾಡಿದ್ದಾದರೂ ಬೇಡ. ಬಜ್ಪೆಯಲ್ಲಿ ಸ್ಕ್ಯಾನರ್ ಮುಂದೆ ನಿಂತು "ಇದು ಖಾಲಿ, ಮೇಡಂ" ಅಂತ ವಿವರಿಸುತ್ತಾ ಕೂತರೆ ಮನೆಯವರು ಹೊರಗೆ ಕಾಯುತ್ತಲೇ ಇರುತ್ತಾರೆ. ಹೊರಡುವ ಮೊದಲು ಬೇಟೆಗೆ ಒಯ್ಯುವ ಚೀಲದ ಪ್ರತಿ ಜೇಬನ್ನೂ ಮಗುಚಿ ನೋಡಲಿ. ಮರೆತುಹೋದ ಒಂದು ಜೀವಂತ ತೋಟೆ ಸಿಕ್ಕಿದರೂ ಕೇಸು, ಈ ಸಲ ಹಿತ್ತಾಳೆಯದ್ದಲ್ಲ, ಪೊಲೀಸರದ್ದು.

ಬೈಕಂಪಾಡಿ_ಕ್ಯೂಸಿ

ವಕೀಲರೇ, ನಿಮ್ಮದನ್ನು ಓದಿ ಎದೆ ಧಸಕ್ಕೆಂದಿತು. ಆ ಪ್ಯಾರಾ ಹಾಗೇ ಕಾಪಿ ಮಾಡಿ ಅಕ್ಕನಿಗೆ ಕಳಿಸಿದೆ, ಭಾವನಿಗಲ್ಲ. ಪ್ರೆಸ್ಸು ಬರುವುದಿಲ್ಲ ಅಂತ ಹತ್ತೇ ನಿಮಿಷದಲ್ಲಿ ಉತ್ತರ ಬಂತು.

ಗ್ರೂಪ್ ವಿಷಯಕ್ಕೆ ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಅದಕ್ಕೆ ಒಂದು ಪಂದ್ಯ ಕಟ್ಟಿದ್ದೇನೆ. ಎರಡನೇ ಹಂತ ಮತ್ತು ನಾಲ್ಕನೇ ಹಂತ ಮಾತ್ರ, ಎರಡೂ ಮ್ಯಾನುವಲ್‌ನ ಗರಿಷ್ಠಕ್ಕಿಂತ ಕೆಳಗಿವೆ. ಒಂದೊಂದಕ್ಕೆ ಇಪ್ಪತ್ತು ತೋಟೆ. ಡಬ್ಬಿಯ ಮೇಲೆ ಯಾವುದು ಯಾವುದು ಅಂತ ಅಕ್ಕ ಗುಟ್ಟಾಗಿ ಗುರುತು ಹಾಕುತ್ತಾಳೆ, ಹೊಡೆಯುವವರಿಗೆ ಗೊತ್ತಿರಬಾರದು. ಪೇಪರ್ ಕ್ಲಿಪ್ ಪರೀಕ್ಷೆ ಮಾಡದೆ ಒಂದು ಕೇಸೂ ತುಂಬಿಸಬಾರದು ಅಂತಲೂ ಷರತ್ತು.

ಆರ್ಮರರ್ ಸರ್, ಒಂದು ಕೇಳುವುದಿತ್ತು. ಕ್ಲಿಪ್ ಎಳೆಯುವಾಗ ಬುಡದ ಹತ್ತಿರ ಎಲ್ಲಾ ಕೇಸಲ್ಲೂ ಸ್ವಲ್ಪ ತಡೆದ ಹಾಗೆ ಆಗುತ್ತದಂತೆ, ಹೊಸ ಕೇಸಲ್ಲೂ. ಅದು ತಗ್ಗಾ?

ಕುಂದಾಪ್ರದ_ಮಾಜಿ_ಆರ್ಮರರ್

ಅಲ್ಲ. ಬುಡದ ದಪ್ಪ ಭಾಗ ಗೋಡೆಗೆ ಸೇರುವ ತಿರುವು ಅದು, ಎಲ್ಲಾ ಕೇಸಲ್ಲೂ ಇರುತ್ತದೆ. ತಗ್ಗು ಸಿಗುವುದು ಅದಕ್ಕಿಂತ ಮೇಲೆ, ಕ್ಲಿಪ್ ಒಳಗೆ ಬಿದ್ದು ಮತ್ತೆ ಹತ್ತಬೇಕು. ಹೊಸ ಕೇಸೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು ಎರಡನ್ನೂ ಹೋಲಿಸಲಿ. ಆಮೇಲೂ ಅನುಮಾನ ಉಳಿದರೆ ಒಂದು ಹಳೇ ಕೇಸನ್ನು, ಕೇಪು ಮೊದಲೇ ಹೊಡೆದು ಖಾಲಿ ಆದದ್ದನ್ನು, ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿ ಫೋಟೋ ಹಾಕಿ. ಗೋಡೆಯ ದಪ್ಪ ಕಣ್ಣಿಗೇ ಕಾಣುತ್ತದೆ.